ಎಡಗಡೆ ತಂತಿ

ಗಜೇಂದ್ರಗಡದಾಗ ನಳಕ್ಕ ನೀರು ಬರೂದ ವಾರಕ್ಕೊಮ್ಮೆ. ಅಂಥಾ ಊರಿಗೆ ಹೇಮಂತ ದೋಣಿ ತಂದ. ಒಂದಲ್ಲ, ಎರಡು ದೋಣಿ. ಜೋಡಿ ಎತ್ತಿನಂಗ ಬಾಜೂಕ ಬಾಜು ನಿಲ್ಲಿಸಿ, ನಡುವ ಅಡ್ಡ ಪೈಪು ಹಾಕಿ, ಮ್ಯಾಲ ಕಂಬ ಎಬ್ಬಿಸಿ ಹಾಯಿಪಟ ಕಟ್ಟಿದ್ರ ಗಾಳಿಗೆ ಓಡತೈತಂತ. ಕ್ಯಾಟಮರಾನ್ ಅಂತಾರಂತ ಅದಕ್ಕ. ಟೆಂಪೋದ ಹಿಂದ ಕಂಬ ಒಂದು ಮಾರು ಹೊರಗ ಚಾಚಿತ್ತು, ತುದಿಗೆ ಕೆಂಪು ಅರಬಿ ಕಟ್ಟಿದ್ರು. ಓಣ್ಯಾಗಿನ ಮಂದಿ ಎಲ್ಲಾ ಹೊರಗ ಬಂದು ನಿಂತ್ರು. ಬಾಜೂಮನಿ ಮುಮತಾಜಬಿ, “ಗಂಗಾಬಾಯಿ, ದೋಣಿ ಅಂತೂ ಬಂತು. ಸಮುದ್ರ ಯಾವಾಗ ಬರತೈತಿ?” ಅಂದ್ಲು. ಎಲ್ಲಾರೂ ನಕ್ಕರು. ನಂಗ ಮೈ ಉರೀತಿತ್ತು.

ಹೇಮಂತ ನನ್ನ ತಮ್ಮನ ಮಗ. ತಾಯಿ ಲಗೂನ ಹೋದ್ಲು, ಹಿಂಗಾಗಿ ನನ್ನ ಮನ್ಯಾಗ ಬೆಳದ. ಈಗ ಗುಡ್ಡದ ಮ್ಯಾಲಿನ ಕರೆಂಟ್ ತಯಾರ ಮಾಡೂ ಗಾಳಿ ಫ್ಯಾನಿನ ಕಂಪನ್ಯಾಗ ಕೆಲಸ, ಆಕಾಶದ ಮಟ ಏಣಿ ಹತ್ತಿ ಬೋಲ್ಟು ಬಿಗಿಯೂದು. ನನ್ನ ಒಬ್ಬಾಕೀ ಮಗಳು ಪದ್ಮಶ್ರೀನ ಅವಗ ಕೊಟ್ಟಿದ್ದೆ. ಆರು ವರ್ಷದ ಹಿಂದ, ಮಲಪ್ರಭಾ ಉಕ್ಕಿ ಬಂದ ವರ್ಷ, ಇಬ್ಬರೂ ಬೈಕ್ ಗಾಡಿ ಮ್ಯಾಲ ಕೊಣ್ಣೂರ ಪೂಲು ದಾಟಾಕ ಹೋದ್ರು. ಹತ್ತಿದಾಗ ನೀರು ಪಾದದ ಮಟ್ಟ ಇತ್ತಂತ, ನಡುವ ಹೋಗೂದ್ರಾಗ ಎದಿಮಟ್ಟ ಬಂತಂತ. ಅಂವ ಬಂದ. ಅಕಿ ಬರಲಿಲ್ಲ. ಹೆಣಾನೂ ಸಿಗಲಿಲ್ಲ.

ಮೂರನೇ ದಿನ ಮಂದಿ ಎಲ್ಲಾ ಕುಂತಾಗ ನಾ ಅಂದೆ, “ಇಂವ ಕೈ ಬಿಟ್ಟ. ಹಿಡದಿದ್ರ ಇಬ್ಬರೂ ಬರತಿದ್ರು, ಇಲ್ಲಾ ಇಬ್ಬರೂ ಹೋಗತಿದ್ರು.” ಅಂವ ಹೌದು ಅನ್ನಲಿಲ್ಲ, ಅಲ್ಲ ಅಂತಾನೂ ಅನ್ನಲಿಲ್ಲ. ತೆಲಿ ತೆಳಗ ಹಾಕಿ ಎದ್ದು ಹ್ವಾದ. ಅವತ್ತಿನಿಂದ ಅವಗ ಎರಡು ಹೊತ್ತು ರೊಟ್ಟಿ ಬಡದು ಹಾಕೇನಿ, ಮಾರಿ ಎತ್ತಿ ನೋಡಿಲ್ಲ. ಒಂದ ಮನ್ಯಾಗ ಇಬ್ಬರೂ ಹಂಗ ಇದ್ವಿ.

ಟೆಂಪೋ ಹೋದ ಮ್ಯಾಲ ಕೇಳಿದೆ, “ಇದನ್ನ ತಗೊಂಡು ಏನ್ ಮಾಡಾಂವ ನೀ?”

“ನಮ್ಮ ಕಂಪನಿ ಸಾಹೇಬರದು ಅತ್ತಿ. ಗೋವಾದಾಗ ಇಟ್ಟಿದ್ರು, ಅವರಿಗೆ ವರ್ಗ ಆತು. ಕೊಣ್ಣೂರಾಗ ಹೊಳಿ ತುಂಬೈತಿ. ಆ ಜಾಗಾಕ್ಕ ಒಮ್ಮೆ ಹೋಗಬೇಕು.”

“ಪೂಲಿನ ಮ್ಯಾಲ ನಡಕೋಂತ ಹೋಗು.”

“ಪೂಲಿನ ಮ್ಯಾಲ ಅಕಿ ಇಲ್ಲ,” ಅಂದ. “ಫ್ಯಾನಿನ ತುದಿಗೆ ಕುಂತಾಗ ಗಾಳ್ಯಾಗ ಅಕಿ ದನಿ ಬರತೈತಿ. ಆ ಕಡೆಯಿಂದನ ಬರತೈತಿ. ಗಾಳಿ ಹಿಡಕೊಂಡು ಹೋದ್ರ ಸಿಕ್ತಾಳ,” ಅಂದ.

ಸಿಕ್ತಾಳ ಅಂದ, ಕೇಳ್ರಿ. ನೋಡಿ ಬರತೇನಿ ಅನ್ನಲಿಲ್ಲ. ಇಂವ ಹೊಂಟಿದ್ದು ಬರಾಕಲ್ಲ, ಅಲ್ಲೇ ಉಳಿಯಾಕ ಅಂತ ನಂಗ ಅವಾಗನ ತಿಳೀತು. ಸಿಟ್ಟಿತ್ತು ಖರೆ, ಆದ್ರ ಆ ಹೊಳಿ ಇನ್ನೊಂದು ಜೀವ ನುಂಗೂದು ನಂಗ ಬೇಕಾಗಿದ್ದಿಲ್ಲ. ಬ್ಯಾಡ ಅಂದ್ರ ಕೇಳಾಂವಲ್ಲ ಇಂವ, ಸಣ್ಣಾಂವ ಇದ್ದಾಗಿಂದ ಹಂಗ. ಅದಕ್ಕ ಒಂದು ಹಂಚಿಕಿ ಹಾಕಿದೆ. ದೋಣಿ ಕಟ್ಟೂದಕ್ಕ ನಾನ ಕೈ ಹಚ್ಚತೇನಿ, ತಡಾ ಮಾಡತೇನಿ, ಅಷ್ಟರಾಗ ಹೊಳಿ ಇಳೀಲಿ.

“ಗಂಟು ಹಾಕೂದು ನಿಂಗೇನು ಗೊತ್ತೈತಿ?” ಅಂದೆ. “ಸರಿ ಅತ್ಲಾಗ.”

ಹಿತ್ತಲದ ಬಯಲಾಗ ಕೆಲಸ ಸುರು ಆತು. ಹಳೇ ಮಾಲು, ಬಿಸಲಿಗೆ ಬಣ್ಣ ಹಾರಿತ್ತು, ಪಟದಾಗಿನ ಉದ್ದನ ಕಡ್ಡಿ ಎರಡು ಮುರದಿದ್ವು, ದೋಣಿಗಳ ನಡುವ ಕುಂದರೂ ಜಾಗಾದ ದಪ್ಪನ ಅರಬಿ ಅಂಚಿಗೆ ಹರದಿತ್ತು. ಕಡ್ಡಿ ಜಾಗಾಕ್ಕ ಬಿದಿರು ಸೀಳಿ ಹಾಕಿದೆ. ಅರಬಿಗೆ ಹೊಸಾ ಅಂಚು ಹೊಲದು, ಹೊರಸು ಹೆಣದಂಗ ಹುರಿ ಹಾಕಿ ನಾಕೂ ಕಡೆ ಜಗ್ಗಿ ಕಟ್ಟಿದೆ. ತಡಾ ಮಾಡಬೇಕು ಅಂತ ಕುಂತಾಕಿ, ಕೈಗೆ ದಗದ ಸಿಕ್ಕ ಮ್ಯಾಲ ಚಲೋ ಮಾಡಾಕ ಹತ್ತಿದ್ದೆ. ನಲವತ್ತು ವರ್ಷ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಕುಂತಾಕಿ ನಾ, ಕೆಟ್ಟದು ಮಾಡಾಕ ಬರೂದಿಲ್ಲ.

ಕಂಬ ನಿಂದರಿಸೂದ ದೊಡ್ಡ ಕೆಲಸ. ಅದಕ್ಕ ಮೂರು ತಂತಿ, ಎಡಕ್ಕೊಂದು, ಬಲಕ್ಕೊಂದು, ಮುಂದೊಂದು. ತಂತಿ ತೆಳಗಿನ ತುದಿಗೆ ತೂತಿನ ಪಟ್ಟಿ, ಸೊಂಟದ ಬೆಲ್ಟಿಗೆ ಇರತಾವಲ್ಲ ಹಂಗ. ಒಂದು ತೂತು ತೆಳಗ ಮೊಳಿ ಹಾಕಿದ್ರ ಬಿಗಿ, ಮ್ಯಾಲ ಹಾಕಿದ್ರ ಸಡಿಲ. ಮಗ್ಗದ ಮ್ಯಾಲ ಹಾಸಿನ ಎಳಿ ಬಿಗಿ ನೋಡಾಕ ನಾವು ಬೆರಳಿಲೆ ಮೀಟತೇವಿ. ದನಿ ಒಂದ ಬಂದ್ರ ಬಿಗಿ ಒಂದ ಐತಿ. ಮೊದಲ ದಿನ ತಂತಿನೂ ಹಂಗ ಮೀಟಿ, ಎರಡೂ ಕಡೆ ಅದ ತೂತಿಗೆ ಮೊಳಿ ಹಾಕಿ, ಗಟ್ಟ್ಯಾಗಿ ಬಿಗದೆ. ಹೇಮಂತ ಕಂಬ ಹಿಡದು ಅಲ್ಲಾಡಿಸಿ ನೋಡಿದ.

“ಭಾಳ ಬಿಗಿ ಆತು ಅತ್ತಿ. ಗಾಳಿ ಬಂದ ಕಡೆ ಕಂಬ ಹೊಳ್ಳಬೇಕು. ಹಿಂಗಿದ್ರ ಮುರೀತೈತಿ.”

ಬಿಗೀನೂ ಇರಬೇಕು, ಹೊಳ್ಳಾಕೂ ಬರಬೇಕು. ಇಂಥಾ ದಗದ ನಾ ಜನ್ಮದಾಗ ಮಾಡಿದ್ದಿಲ್ಲ. ಒಂದೊಂದು ತೂತು ಸಡಿಲ ಮಾಡಿ, ಮೀಟಿ, ಎರಡೂ ಕಡೆ ದನಿ ಕೂಡಿಸಿ, ಕೈ ತೊಳಕೊಂಡೆ.

ಮರುದಿನ ಮುಂಜಾನಿ ಚಾ ಕುಡದು ಬಂದು ನೋಡತೇನಿ, ಎಡಗಡೆ ತಂತಿ ಜೋತ ಬಿದ್ದಿತ್ತು. ಮೊಳಿ ಎರಡು ತೂತು ಮ್ಯಾಲ ಕುಂತಿತ್ತು. ಹೇಮಂತನ್ನ ಬೈದೆ. ಅಂವ ಮುಟ್ಟೇ ಇಲ್ಲ ಅಂದ. ಓಣಿ ಹುಡುಗೂರ್ನ ಬೈದೆ. ಮತ್ತ ಬಿಗದೆ. ಮರುದಿನ ಮತ್ತ ಎರಡು ತೂತು ಸಡಿಲ, ಅದೂ ಎಡಕ್ಕಷ್ಟ. ಮೂರನೇ ದಿನ ಮೊಳಿಗೆ ಸಣ್ಣ ತಂತಿ ತಿರುವಿ ಗಟ್ಟಿ ಮಾಡಿ, ಇನ್ನ ಬಿಚ್ಚಲಿ ನೋಡೂನು ಅಂದು ಮಲಕೊಂಡೆ. ಮುಂಜಾನಿ ನೋಡಿದ್ರ ಆ ಸಣ್ಣ ತಂತಿ ಅರಬಿ ಮ್ಯಾಲ ನೀಟಾಗಿ ಸುತ್ತಿ ಇಟ್ಟಿತ್ತು. ಅದರ ಬಾಜೂಕ ಎಡಗಡೆ ಅಂಚಿಗೆ ಅರಬಿ ಹಸಿ ಆಗಿತ್ತು. ಒಬ್ಬರು ಕುಂದರೂ ಅಷ್ಟ ಜಾಗಾ. ಉಳಿದದ್ದೆಲ್ಲಾ ಖಡಕ್ ಒಣಗಿತ್ತು.

ಮುಮತಾಜಬಿನ ಕರದೆ. ಅಕಿ ಬಗ್ಗಿ ಮೂಸಿ ನೋಡಿ ಸೆರಗು ಬಾಯಿಗೆ ಹಿಡಕೊಂಡ್ಲು. “ಹೊಳಿ ನೀರಿನ ವಾಸನಿ ಐತವ್ವ. ರಾಡಿ ವಾಸನಿ,” ಅಂದ್ಲು. ಹದಿನೈದು ದಿನ ಆಗಿತ್ತು ನಮ್ಮೂರಾಗ ಮಳಿ ಹನಿ ಬಿದ್ದು.

ನಾ ದೆವ್ವ ಪವ್ವ ನಂಬಾಕಿ ಅಲ್ಲ. ಆದ್ರ ಗಾಡಿ ಮ್ಯಾಲ ಕುಂತಾಗ ನಮ್ಮ ಹೆಣಮಕ್ಕಳ ಕಾಲು ಯಾವ ಕಡೆ ಇರತಾವು ಹೇಳ್ರಿ. ಎಡಕ್ಕ. ಪದ್ಮಶ್ರೀನೂ ಅವನ ಹಿಂದ ಯಾವಾಗಲೂ ಹಂಗ ಕುಂದರತಿದ್ಲು, ಎರಡೂ ಕಾಲು ಎಡಕ್ಕ ಬಿಟ್ಟು. ಮುಮತಾಜಬಿ ಹೋದ ಮ್ಯಾಲ ನಾ ಆ ಹಸಿ ಜಾಗಾದ ಮುಂದ ನಿಂತು ಬೈದೆ. “ಬರಾಕಿ ಆಗಿದ್ರ ಮನಿ ಒಳಗ ಬಾ. ಆರು ವರ್ಷ ಆತು, ನಿನ್ನ ತಾಟು ಇನ್ನೂ ಗ್ವಾಡಿ ಮಾಡದಾಗ ಐತಿ. ಇಲ್ಲಿ ಹೊರಗ ಕುಂತು ಏನ್ ಮಾಡತಿ ಹುಚ್ಚಿ,” ಅಂದೆ. ಬೈಕೋಂತ ಬೈಕೋಂತ ಅಳು ಬಂತು. ಅಲ್ಲೇ ನೆಲದ ಮ್ಯಾಲ ಕುಂತು ಹೊಟ್ಟಿ ತುಂಬ ಅತ್ತೆ.

ಅತ್ತು ಮುಗದ ಮ್ಯಾಲ ಆ ಸಡಿಲ ತಂತಿ ಒಮ್ಮೆ ಮೀಟಿದೆ. ಬಾಯಿ ಮುಚ್ಚಿ ಗುನುಗಿದಂಗ ಸಣ್ಣ ದನಿ ಬಂತು. ಕಂಡಿಕಿಗೆ ನೂಲು ಸುತ್ತಿಕೋಂತ ಕುಂತಾಗ ಪದ್ಮಶ್ರೀ ಹಂಗ ಗುನುಗತಿದ್ಲು. ನಾ ಕೈ ತಗದೆ, ದನಿ ನಿಂದರಲಿಲ್ಲ. ಗಾಳಿ ಇದ್ದಿಲ್ಲ, ಬೇವಿನ ಎಲಿ ಅಲ್ಲಾಡ್ತಿದ್ದಿಲ್ಲ. ಎದ್ದು ಒಳಗ ಹೋಗಿ ಬಾಗಿಲಾ ಹಾಕ್ಕೊಂಡೆ.

ಸಂಜಿಕ ಹೇಮಂತ ಬಂದಾಂವ ಕಂಬದ ತುದಿಯಿಂದ ಅಳತಿ ಹಗ್ಗ ಇಳಿಬಿಟ್ಟು ಎಡಗಡೆ ದೋಣಿಗೊಮ್ಮೆ, ಬಲಗಡೆ ದೋಣಿಗೊಮ್ಮೆ ಹಿಡದು ನೋಡಿದ. ಎರಡೂ ಸಮ ಬಂದ್ವು. ಎಡಗಡೆ ತಂತಿ ಮೊದಲಿಂದನ ಒಂದು ಬೆರಳು ಗಿಡ್ಡ ಇತ್ತಂತ. ಅದ ತೂತಿಗೆ ಹಾಕಿದ್ರ ಕಂಬ ಎಡಕ್ಕ ವಾಲತಿತ್ತಂತ, ಎರಡು ತೂತು ಬಿಟ್ರನ ನೆಟ್ಟಗ ನಿಲ್ಲತೈತಂತ.

“ನಿಂಗ ಹ್ಯಾಂಗ ಗೊತ್ತಾತು ಅತ್ತಿ?” ಅಂದ. ನಾ ಅಳತಿ ಹಗ್ಗ ಸುತ್ತಿ ಇಟ್ಟೆ. ಅವಗ ಹೇಳಿದ್ರ ಅವತ್ತ ರಾತ್ರಿನ ದೋಣಿ ಎಳಕೊಂಡು ಹೋಗತಿದ್ದ.

ಹೊಳಿ ಇಳೀಲಿಲ್ಲ. ಮ್ಯಾಲ ಡ್ಯಾಮಿನಿಂದ ನೀರು ಬಿಟ್ಟರು ಅಂತ ಸುದ್ದಿ ಬಂತು. ಐತವಾರ ಮುಂಜಾನಿ ಟೆಂಪೋ ಬಂದು ನಿಂತಿತು. “ನಾನೂ ಬರತೇನಿ,” ಅಂದು ಡ್ರೈವರನ ಬಾಜೂಕ ಹತ್ತಿ ಕುಂತೆ. ಹೇಮಂತ ಬ್ಯಾಡ ಅಂದ. ಅವನ ಮಾತು ನಾ ಯಾವಾಗ ಕೇಳೇನಿ?

ಕೊಣ್ಣೂರಾಗ ಹೊಳಿ ದಂಡಿಗೆ ಹತ್ತಿಕೊಂಡು ಹೊಲ ಇದ್ದಾಂವ ಹೊಳಿಯಪ್ಪ. ಆರು ವರ್ಷದ ಹಿಂದ ಹೇಮಂತನ್ನ ನೀರಾಗಿಂದ ಎಳದಾಂವ ಅಂವನ. ಕಂಬ ಎಬ್ಬಿಸಾಕ, ದೋಣಿ ನೀರಿಗೆ ದಬ್ಬಾಕ ಅಂವ ಮತ್ತ ಅವನ ಹೆಂಡ್ತಿ ಮಾನವ್ವ ಕೈ ಹಚ್ಚಿದ್ರು. ನೀರು ಕೆಂಪಗ, ಪೂಲಿನ ಕಂಬದ ಅರ್ಧಕ್ಕ ಇತ್ತು, ಸದ್ದಿಲ್ಲದ ಹೋಗತಿತ್ತು. ದೋಣಿ ತೇಲಿತು. ಹೊಳಿಯಪ್ಪ ಕಣ್ಣು ಸಣ್ಣ ಮಾಡಿ ನೋಡಿದ.

“ಎಡಕ್ಕ ವಜ್ಜಿ ಏನರ ಇಟ್ಟೀರೇನ್ರಿ? ಒಬ್ಬರು ಕುಂತಂಗ ಇಳದೈತಿ.”

ಏನೂ ಇಟ್ಟಿದ್ದಿಲ್ಲ. ಮಾನವ್ವ ಬಲಕ್ಕ ಉಸುಕಿನ ಚೀಲ ಇಟ್ಲು. ಎಡಗಡೆ ದೋಣಿ ಏಳಲಿಲ್ಲ, ಬಲಗಡೇದೂ ಅದರ ಸಮ ಇಳೀತು. ಮಾನವ್ವ ನನ್ನ ಮಾರಿ ನೋಡಿದ್ಲು, ಮತ್ತ ಚೀಲ ತಗದ್ಲು.

ದೋಣಿ ಜೋಡಿ ಎರಡು ಕೆಂಪು ಜಾಕೀಟು ಬಂದಿದ್ವು, ನೀರಾಗ ಮುಳುಗಲಾರದಂಗ ಹಾಕ್ಕೊಳ್ಳೂವು. ನಾ ಕಚ್ಚಿ ಹಾಕ್ಕೊಂಡು ಹತ್ತಿ ಕುಂತಿದ್ದು ನೋಡಿ, ಇಳಸಾಕ ಆಗೂದಿಲ್ಲ ಅಂತ ತಿಳಕೊಂಡು, ಹೇಮಂತ ಒಂದು ಜಾಕೀಟು ನಂಗ ಹಾಕಿ ಪಟ್ಟಿ ಬಿಗದ. ಇನ್ನೊಂದು ದಂಡಿ ಮ್ಯಾಲ ಬಿದ್ದಿತ್ತು.

“ನಿಂದು?” ಅಂದೆ.

“ಪಟ್ಟಿ ಹರದೈತಿ.”

“ಹರದದ್ದು ಹೊಲಿಯಾಕ ನಾ ಸತ್ತಿದ್ನೇನು? ಮನ್ಯಾಗ ಯಾಕ ಹೇಳಲಿಲ್ಲ?”

ಅಂವ ನಕ್ಕ. ಆರು ವರ್ಷದಾಗ ಅಂವ ನಕ್ಕದ್ದು ನಾ ನೋಡಿದ್ದಿಲ್ಲ. ಎಲ್ಲಾ ಮುಗಿಸಿ ಹೊಂಟಾಂವ ನಗೂ ನಗಿ ಅದು.

ಪಟ ಏರಿಸಿದ. ಪಟದ ಹಗ್ಗ ನನ್ನ ಕೈಗೆ ಕೊಟ್ಟ, ಹಿಂದಿನ ಚುಕ್ಕಾಣಿ ತಾ ಹಿಡದ. “ಅತ್ತಿ, ಗಾಳಿ ಜೋರ ಬಂದ್ರ ಹಗ್ಗ ಬಿಟ್ಟಬಿಡು. ಪಟ ಸಡಿಲ ಆಗತೈತಿ, ದೋಣಿ ನಿಲ್ಲತೈತಿ. ಹಿಡದ್ರ ಮಗುಚತೈತಿ. ತಿಳೀತಾ?” ಅಂದ. ಮೂರು ಸಲ ಹೇಳಿದ. ಮೂರು ಸಲಾನೂ ಹೂಂ ಅಂದೆ.

ಖರೆ ಹೇಳತೇನಿ, ಅದು ಓಡಿದ್ದು ಚಂದ ಇತ್ತು. ಕಂಬ ಗಾಳಿ ಕಡೆ ತಾನ ಹೊಳ್ಳಿತು, ತಂತಿ ಎರಡೂ ಒಂದ ದನಿ ತಗದ್ವು, ನಾ ಹೆಣದ ಅರಬಿ ತೆಳಗ ನೀರು ಸರ್ರನ ಹಿಂದ ಹೋತು. ನನ್ನ ಕೈಯಿನ ಕೆಲಸ ಅಂತ ಒಂದು ಗಳಿಗಿ ಹೆಮ್ಮಿ ಆತು. ಬಲಕ್ಕ ನಾವಿಬ್ಬರು ಕುಂತಿದ್ವಿ. ಎಡಕ್ಕ ಯಾರೂ ಇದ್ದಿಲ್ಲ, ಆದ್ರೂ ದೋಣಿ ಸಮ ಹೋಗತಿತ್ತು. ಎಡಗಡೆ ಅರಬಿ ಒಂದು ಕಡೆ ತಗ್ಗಾಗಿತ್ತು. ಹೇಮಂತ ಅದನ್ನ ನೋಡಿಕೋಂತನ ಚುಕ್ಕಾಣಿ ಹಿಡದಿದ್ದ.

ಪೂಲು ಹತ್ರ ಬಂತು. ಅಂವ ಚುಕ್ಕಾಣಿ ಬಿಟ್ಟು ಎದ್ದ.

“ಕುಂದರೋ,” ಅಂದೆ. “ಹೇಮಂತ, ಕುಂದರು. ನಂಗ ನಿನ್ನ ಬಿಟ್ರ ಯಾರದಾರ?” ಆರು ವರ್ಷ ನುಂಗಿಕೊಂಡ ಮಾತು ಅವಾಗ ಬಾಯಿಗೆ ಬಂತು. ಅವಗ ಕೇಳಿಸಿತೋ ಇಲ್ಲೋ, ಅಂವ ಎಡಗಡೆ ಅಂಚಿನ ಕಡೆ ಒಂದು ಹೆಜ್ಜಿ ಇಟ್ಟ. ಅಷ್ಟರಾಗ ಪಶ್ಚಿಮದಿಂದ ಗಾಳಿ ಬಂದು ಪಟಕ್ಕ ಬಡೀತು.

ಹಗ್ಗ ಬಿಡಬೇಕಿತ್ತು. ನಂಗ ಗೊತ್ತಿತ್ತು. ಆದ್ರ ಎಳಿ ಜಗ್ಗಿದಾಗ ಹಿಡಿಯೂದನ್ನ ನಲವತ್ತು ವರ್ಷ ಕಲತ ಕೈ ಇದು. ಹಾಸು ಜಗ್ಗಿದಾಗ ನೇಕಾರ ಕೈ ಬಿಟ್ರ ಎಂಟು ದಿನದ ದಗದ ಹಾಳ. ಹಗ್ಗ ಜಗ್ಗಿತು, ಹಿಡದೆ. ಇನ್ನೂ ಜಗ್ಗಿತು, ಮುಷ್ಟಿ ಇನ್ನೂ ಬಿಗದೆ. ಬಲಗಡೆ ದೋಣಿ ನೀರು ಬಿಟ್ಟು ಮ್ಯಾಲ ಎದ್ದಿತು, ಆಕಾಶ ಅಡ್ಡ ಆತು, ಕಂಬ ಸಮೇತ ಎಲ್ಲಾ ಉಳ್ಳಿ ಬಿತ್ತು.

ಪಟದ ತೆಳಗ ಸಿಕ್ಕೊಂಡೆ. ಜಾಕೀಟು ಮ್ಯಾಲ ತಳ್ಳತೈತಿ, ಪಟ ತೆಳಗ ಒತ್ತತೈತಿ, ಕೈಯಾಗಿನ ಹಗ್ಗ ಒಳಗ ಜಗ್ಗತೈತಿ. ಬಿಡು ಅಂತ ಮನಸ ಹೇಳತಿತ್ತು, ಕೈ ಕೇಳತಿದ್ದಿಲ್ಲ. ಮುಷ್ಟಿ ಸೆಟದು ಹೋಗಿತ್ತು. ಉಸಿರು ತೀರಾಕ ಬಂತು.

ಆಗ ಒಂದು ಕೈ ನನ್ನ ಮುಷ್ಟಿ ಮ್ಯಾಲ ಬಂತು. ಸಣ್ಣ ಕೈ, ತಣ್ಣಗ. ಮೊದಲ ಕಿರಿಬೆರಳ ತುದಿ ಹಿಡದು ಮೆಲ್ಲಕ ಎತ್ತಿತು, ಆಮ್ಯಾಲ ಅದರ ಬುಡ ಒತ್ತಿತು. ಆಮ್ಯಾಲ ಉಂಗುರಬೆರಳು. ಗಡಿಬಿಡಿ ಇಲ್ಲ, ದಿನಾ ಮಾಡೂ ಕೆಲಸದಂಗ. ಮಗ್ಗದಿಂದ ಎದ್ದಾಗ ನನ್ನ ಬಲಗೈ ಹಿಂಗ ಸೆಟದಿರತಿತ್ತು, ಪದ್ಮಶ್ರೀ ಎಂಟು ವರ್ಷದಾಕಿ ಇದ್ದಾಗಿಂದ ಬಾಜೂಕ ಕುಂತು ಬಿಡಿಸತಿದ್ಲು. ನಡುಬೆರಳಿಂದ ಸುರು ಮಾಡಿದ್ರ ನೋಯತೈತಿ ಅಂತ ನಾನ ಅಕಿಗೆ ತೋರಿಸಿಕೊಟ್ಟಿದ್ದೆ. ಮನ್ಯಾಗ ಮತ್ತ ಯಾರಿಗೂ ಅದು ಗೊತ್ತಿದ್ದಿಲ್ಲ. ಮುಷ್ಟಿ ಬಿಚ್ಚಿತು, ಹಗ್ಗ ಹೋತು, ಜಾಕೀಟು ನನ್ನನ್ನ ಪಟದ ಅಂಚಿಗೆ ತಂದು ಮ್ಯಾಲ ಒಗೀತು.

ಅಡ್ಡ ಬಿದ್ದ ದೋಣಿ ತೇಲತಿತ್ತು, ಅದರ ಪೈಪು ಹಿಡಕೊಂಡೆ. ಹೇಮಂತನ ಕೈ ಇರಬೇಕು ಅಂತ ಸುತ್ತ ನೋಡಿದೆ. ಅಂವ ಇಪ್ಪತ್ತು ಮಾರು ದೂರ ಇದ್ದ. ಅಂಗಾತ ಮಲಗಿ ನೀರು ಒಯ್ದ ಕಡೆ ಹೊಂಟಿದ್ದ, ಪೂಲಿನ ತೆಳಗ. ಈಜು ಬರತೈತಿ ಅವಗ. ಈಜತಿದ್ದಿಲ್ಲ. ದಂಡಿ ಕಡೆಯಿಂದ ಹೊಳಿಯಪ್ಪ ಟ್ರ್ಯಾಕ್ಟರ್ ಟ್ಯೂಬು ತಗೊಂಡು ನೀರಿಗೆ ಬಿದ್ದಿದ್ದ, ಇನ್ನೂ ಭಾಳ ಹಿಂದಿದ್ದ.

“ಬಾರೋ,” ಅಂತ ಒದರಿದೆ. ಅಂವ ಹೊಳ್ಳಿ ನೋಡಲಿಲ್ಲ. ಬೈದೆ, ಬೇಡಿಕೊಂಡೆ. ಹೊಳ್ಳಲಿಲ್ಲ. ಕಡೀಕ ಬಾಯಿಗೆ ಬಂದದ್ದು ಇದು: “ಹೇಮಂತ, ಯಾರೋ ನನ್ನ ಮುಷ್ಟಿ ಬಿಡಿಸಿದ್ರೋ. ನೀರಿನ ತೆಳಗ. ಕಿರಿಬೆರಳಿಂದ ಬಿಡಿಸಿದ್ರೋ.”

ಅವನ ತೆಲಿ ಎದ್ದಿತು. ಒಂದು ಗಳಿಗಿ ಹಂಗ ನೋಡಿದ. ಆಮ್ಯಾಲ ಹೊಳ್ಳಿ, ಸೆಳವಿಗೆ ಎದುರಾಗಿ, ಕೈ ಬಡಕೋಂತ ಈಜಿಕೋಂತ ಬಂದ. ನಡುವ ಎರಡು ಸಲ ಮುಳುಗಿ ಎದ್ದ. ಬಂದು ಪೈಪು ಹಿಡದಾಗ ತುಟಿ ನೀಲಿ ಆಗಿತ್ತು.

“ತುದಿ ಎತ್ತಿದ್ಲಾ?” ಅಂದ. “ತುದಿ ಎತ್ತಿ, ಆಮ್ಯಾಲ ಬುಡ ಒತ್ತಿದ್ಲಾ?”

ಅದನ್ನ ನಾ ಅವಗ ಹೇಳೇ ಇದ್ದಿಲ್ಲ. ನಿಂಗ ಹ್ಯಾಂಗ ಗೊತ್ತು ಅಂತ ಕೇಳಾಕ ಬಾಯಿ ತಗದೆ. ಕೇಳೂದ್ರಾಗ ತಿಳೀತು.

“ಸೀರಿ ಸೆರಗು ಗಾಡಿ ಗಾಲ್ಯಾಗ ಸಿಕ್ಕಿತ್ತು ಅತ್ತಿ,” ಅಂದ. “ಗಾಡಿ ಅಕಿನ್ನ ಎಳಕೊಂಡು ಹೊಂಟಿತ್ತು. ನಾ ಒಂದು ಕೈಲೆ ಪೂಲಿನ ಅಂಚಿನ ಕಂಬಿ ಹಿಡದಿದ್ದೆ, ಒಂದು ಕೈಲೆ ಅಕಿನ್ನ. ನಾ ಬಿಡಲಿಲ್ಲ. ದೇವರಾಣಿ ಬಿಡಲಿಲ್ಲ. ಅಕಿ ನನ್ನ ನೋಡಿದ್ಲು, ಇನ್ನೊಂದು ಕೈ ತಂದ್ಲು, ಕಿರಿಬೆರಳಿಂದ ಸುರು ಮಾಡಿದ್ಲು.”

ನನ್ನ ಬಾಯಾಗ ಹೊಳಿ ನೀರು, ಕಣ್ಣಾಗ ಹೊಳಿ ನೀರು. “ಆರು ವರ್ಷ ಯಾಕ ಹೇಳಲಿಲ್ಲೋ? ಎಲ್ಲಾರ ಮುಂದ ನಿನ್ನ ಅಷ್ಟು ಅಂದೆ. ಒಂದು ಮಾತು ಹೇಳಾಕ ಏನಾಗಿತ್ತು ನಿಂಗ?”

“ನನ್ನ ಮ್ಯಾಲಿನ ಸಿಟ್ಟಿಲೆ ನೀ ಎದ್ದು ಅಡಗಿ ಮಾಡತಿದ್ದಿ, ಉಣ್ಣತಿದ್ದಿ. ಅಕಿ ತಾನ ಬಿಟ್ಲು ಅಂದಿದ್ರ ನೀ ಉಳೀತಿದ್ದಿಲ್ಲ ಅತ್ತಿ.”

ಆ ಹುಡುಗನ ಮಾರಿ ನಾ ಅವಾಗ ನೋಡಿದೆ. ಕಿವಿ ಮ್ಯಾಲ ಕೂದಲು ಬೆಳ್ಳಗಾಗಿದ್ವು. ಯಾವಾಗ ಆದವೋ ನಂಗ ಗೊತ್ತಿಲ್ಲ. ಅವನ ಮುಂಗೈ ಗಟ್ಟ್ಯಾಗಿ ಹಿಡಕೊಂಡೆ. ನೀರು ತೆಳಗಿಂದ ನನ್ನ ಕಾಲು ಜಗ್ಗತಿತ್ತು, ಮುಷ್ಟಿ ಮತ್ತ ಸೆಟಗೊಂಡು ಕುಂತಿತು.

ಹೊಳಿಯಪ್ಪ ಟ್ಯೂ‌ಬು ದಬ್ಬಿಕೋಂತ ಬಂದ. “ಕೈ ಬಿಡ್ರಿ ಅವ್ವಾರ, ಒಬ್ಬೊಬ್ಬರ ಹತ್ತರಿ,” ಅಂದು ನನ್ನ ಬೆರಳಿಗೆ ಕೈ ಹಚ್ಚಾಕ ಬಂದ.

“ಬಿಡಸಾಕ ಬಂದ್ರ ಕಡೀತೇನಿ,” ಅಂದೆ. ಅವಗ ಅಂದೆನೋ, ನೀರಿನ ತೆಳಗ ಇದ್ದಾಕಿಗೆ ಅಂದೆನೋ, ನಂಗ ಇವತ್ತಿಗೂ ಗೊತ್ತಿಲ್ಲ.